ಪದ್ಮಾ ಅತ್ತಿಯ ಹೆಬ್ಬೆರಳು

ಕುಸುಬಿ ಎಣ್ಣೆಯಲ್ಲಿ ಅರಿಶಿನ ಕಾಯುವ ವಾಸನೆ ಎಲ್ಲಿಯೇ ಮೂಗಿಗೆ ಬಡಿಯಲಿ, ನನಗೆ ಕುಳಿತಲ್ಲಿ ಕೂರಲಾಗುವುದಿಲ್ಲ. ಎದ್ದು ಬಾಗಿಲಿಗೆ ಹೋಗುತ್ತೇನೆ, ಮತ್ತೆ ಒಳಗೆ ಬರುತ್ತೇನೆ. ನೀವೂ ಹುಟ್ಟಿ ಬೆಳೆದ ಮನೆಯನ್ನು ಕಳೆದುಕೊಂಡವರಾದರೆ ಈ ಚಡಪಡಿಕೆ ನಿಮಗೆ ಹೊಸದಲ್ಲ. ಕಲ್ಲೋಳಿಯ ನಮ್ಮ ಮನೆಯಲ್ಲಿ ಆ ಎಣ್ಣೆ ಕಾಯುತ್ತಿದ್ದದ್ದು ಅಪ್ಪನ ತಂಗಿ ಪದ್ಮಾ ಅತ್ತಿಯ ಬಲಗಾಲಿನ ಹೆಬ್ಬೆರಳಿಗಾಗಿ. ಉಗುರಿನ ಅಂಚು ಮಾಂಸದೊಳಗೆ ಹೊಕ್ಕು ಬೆರಳು ಕೆಂಪಗೆ ಬಾತಿರುತ್ತಿತ್ತು, ಮುಟ್ಟಿದರೆ ಜೀವ ಹೋಗುವಂಥ ನೋವು. ಕನ್ಯಾ ನೋಡಲು ಯಾರಾದರೂ ಬರುತ್ತಾರೆ ಎಂದರೆ ಸಾಕು, ಮನೆಮಂದಿಯೆಲ್ಲ ಆಯಿ ಎಂದು ಕರೆಯುತ್ತಿದ್ದ ನಮ್ಮಜ್ಜಿ ಅಪ್ಪನ ಗಡ್ಡದ ಬ್ಲೇಡು ಹಿಡಿದು ಕೂರುತ್ತಿದ್ದಳು. ಉಗುರಿನ ಮೂಲೆಗಳನ್ನು ಆಳಕ್ಕೆ ಕೆತ್ತಿ, ದುಂಡಗೆ ಮಾಡಿ, ಮೇಲೆ ಬಿಸಿ ಎಣ್ಣೆ ಬಿಡುತ್ತಿದ್ದಳು. "ನಮಸ್ಕಾರ ಮಾಡುಮುಂದ ಮೊದಲ ಕಾಲ ನೋಡ್ತಾರವಾ. ತಡ್ಕೋ," ಎನ್ನುತ್ತಿದ್ದಳು. ಒಂದೆರಡು ದಿನ ಅತ್ತಿಗೆ ಹಗುರೆನಿಸುತ್ತಿತ್ತು. ಉಗುರು ಬೆಳೆದಂತೆ ಮೊದಲಿಗಿಂತ ಆಳಕ್ಕೆ ಚುಚ್ಚುತ್ತಿತ್ತು. ಆಗ ಮತ್ತೆ ಬ್ಲೇಡು.

ಹುಕ್ಕೇರಿ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನನ್ನು ಅತ್ತಿ ಯಾರದೋ ಮದುವೆಯಲ್ಲಿ ನೋಡಿದ್ದಳು, ಮನಸ್ಸಿಗೆ ಬಂದಿದ್ದ. ಆ ವಾರವೆಲ್ಲ ಅವಳು ನಿಂತಲ್ಲಿ ನಿಲ್ಲಲಿಲ್ಲ. ಒಗೆದ ಸೀರೆಯನ್ನೇ ಮತ್ತೆ ಒಗೆದಳು, ಕುಂಟುತ್ತಲೇ ಪಡಸಾಲೆ ಒರೆಸಿದಳು. ಆಯಿ ಈ ಸಲ ಇನ್ನೂ ಆಳಕ್ಕೆ ಕೆತ್ತಿದಳು. ಅವರು ಬಂದ ದಿನ ಬೆರಳಲ್ಲಿ ಕೀವು ತುಂಬಿತ್ತು. ನಮ್ಮದು ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಬಂದವರಿಗೆ ಉಣಿಸಬೇಕು, ಎಲ್ಲ ಗಡಿಬಿಡಿ. ಉಂಡಾದ ಮೇಲೆ ಹುಡುಗನ ತಾಯಿ, "ಒಂದೀಟ ನಡದು ತೋರಸವಾ," ಎಂದರು. ಎಲ್ಲರೂ ಕೇಳುವ ಮಾತೇ ಅದು. ಅತ್ತಿ ಹಲ್ಲು ಕಚ್ಚಿ ನಡೆದಳು. ಅರ್ಧ ಪಡಸಾಲೆ ದಾಟುವುದರೊಳಗೆ ಕಾಲು ಸೋತಿತು. "ಉಗುರು ಒಳಗ ಹೊಕ್ಕೈತ್ರಿ. ಕುಂಟಿ ಅಲ್ರಿ ನಾ," ಎಂದಳು. ಅವರು ತಲೆಯಾಡಿಸಿ ಹೋದರು. ಹುಡುಗಿಯ ಕಾಲಿನಲ್ಲಿ ಐಬಿದೆ ಎಂದರಂತೆ.

ಆಮೇಲೆ ಅಪ್ಪ ಅವಳನ್ನು ಗೋಕಾಕಕ್ಕೆ ಕರೆದೊಯ್ದ. ಆಯಿಯೂ ನಾನೂ ಹೋಗಿದ್ದೆವು. ಡಾಕ್ಟರು ಬೆರಳು ಮರಗಟ್ಟಿಸಿ ಉಗುರಿನ ಅಂಚನ್ನು ತೆಗೆದರು. "ಮೂಲಿ ಕೆತ್ತಬ್ಯಾಡ್ರಿ. ಕೆತ್ತಿದಷ್ಟೂ ಒಳಗ ಬೆಳಿತೈತಿ. ನೆಟ್ಟಗ ಕತ್ತರಸ್ರಿ, ಬೆಚ್ಚನ ನೀರಾಗ ಕಾಲ ಇಡ್ರಿ," ಎಂದರು. ಆಯಿ ತನ್ನ ಕೈಗಳನ್ನೇ ನೋಡುತ್ತ ಕುಳಿತಳು.

ಬೆರಳು ಬೇಗ ವಾಸಿಯಾಯಿತು. ಆದರೆ ಮಾತು ಹಬ್ಬಿತ್ತು. ಮೂಡಲಗಿಯಿಂದ ಬಂದವರೂ ಕೌಜಲಗಿಯಿಂದ ಬಂದವರೂ ಅತ್ತಿಯನ್ನು ಮತ್ತೆ ಮತ್ತೆ ನಡೆಸಿ ನೋಡಿದರು. ಇದನ್ನು ಬರೆಯುವಾಗ ಈಗಲೂ ನನಗೆ ಮೈ ಉರಿಯುತ್ತದೆ. ಒಂದು ದಿನ ಅವಳು ಒಳಕೋಣೆಯಿಂದ ಹೊರಗೆ ಬರಲೇ ಇಲ್ಲ. ಬಂದವರು ಉಪ್ಪಿಟ್ಟು ತಿಂದು ಹೋದರು. ಅದಾದ ಮೇಲೆ ಅಪ್ಪ ಯಾರನ್ನೂ ಕರೆಸಲಿಲ್ಲ.

ಈಗ ಆ ಮನೆ ಇಲ್ಲ, ಆಯಿ, ಅತ್ತಿ ಇಬ್ಬರೂ ಇಲ್ಲ. ಆಯಿ ಹಾಸಿಗೆ ಹಿಡಿದಾಗ ಅವಳದ್ದೆಲ್ಲ ಮಾಡಿದವಳು ಅತ್ತಿಯೇ. ಒಂದು ಮಧ್ಯಾಹ್ನ ನಾನು ಅಲ್ಲೇ ಕುಳಿತಿದ್ದೆ. ಆಯಿ ತಡವರಿಸುತ್ತ ಮಗಳ ಪಾದವನ್ನು ಹಿಡಿದಳು. ಅತ್ತಿ ಗಾಬರಿಯಾಗಿ ಎಳೆದುಕೊಳ್ಳಲು ನೋಡಿದಳು, ಆಯಿ ಬಿಡಲಿಲ್ಲ.

"ನಿನ್ನ ಬಾಳು ನಾನ ಕೆಡಿಸಿದ್ನವಾ," ಎಂದಳು.

"ಕಾಲ ಆರಾಮ ಆತಲ್ಲ ಆಯಿ," ಎಂದಳು ಅತ್ತಿ.

ಎಳೆದುಕೊಳ್ಳುವುದನ್ನು ಬಿಟ್ಟು ಪಾದವನ್ನು ಆಯಿಯ ಕೈಯಲ್ಲೇ ಇರಗೊಟ್ಟಳು.