ಸವತಿಯ ಕಾಲುಂಗುರ

ಶಾಂತಕುಮಾರಿಗೆ ಅರವತ್ತು ದಾಟಿದ ಮೇಲೆ ಮನೆಗೊಬ್ಬಳು ಸವತಿ ಬಂದಳು. ಕಪ್ಪು ಮೈ, ನೀಳ ಕತ್ತು, ಮರದ ಭುಜ. ಬಂದ ದಿನವೇ ಗಂಡ ಅನಂತರಾಮು ಅವಳನ್ನು ದಿವಾನದ ಮೇಲೆ ಮಲಗಿಸಿ, ಎಣ್ಣೆ ಸವರಿ, ಹಳೆಯ ಬನಿಯನ್ನಿನಿಂದ ಮೈಯೆಲ್ಲ ಒರೆಸಿದರು. ಹೆಂಡತಿಗೆ ಜ್ವರ ಬಂದಾಗ ಹಣೆಗೊಂದು ಒದ್ದೆಬಟ್ಟೆ ಹಾಕಿದ ಕೈಯಲ್ಲ ಅದು. ಅಕ್ಕಪಕ್ಕದವರು ವಿಚಾರಿಸಿದರೆ ಶಾಂತಕುಮಾರಿ, ನಮ್ಮನೆಯವರು ಎರಡನೆಯದು ಕಟ್ಟಿಕೊಂಡಿದ್ದಾರೆ, ಅವಳ ಹೊಟ್ಟೆ ತಣ್ಣಗಿರಲಿ ಎಂದು ನಗುತ್ತಿದ್ದಳು. ಸವತಿಯೆಂದರೆ ಒಂದು ಏರ್‌ಗನ್ನು. ಕಾಗದದ ಗುರಿಗೆ ಸೀಸದ ಪುಟ್ಟ ಗುಂಡು ಹೊಡೆಯುವಂಥದು.

ಆ ನಗುವಿಗೆ ಕಾರಣವಿತ್ತು. ಅನಂತರಾಮು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಇಡೀ ಆಯುಷ್ಯ ಕಳೆದವರು. ನಿವೃತ್ತರಾದ ಮಾರನೆಯ ದಿನದಿಂದ ತಪಾಸಣೆಗೆ ಅವರಿಗೆ ಸಿಕ್ಕಿದ್ದು ಅಡುಗೆಮನೆ. ಚಪಾತಿಯ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ನೋಡುವರು. ಹುರುಳಿಕಾಯಿ ಒಂದು ಉದ್ದ ಒಂದು ಗಿಡ್ಡವಾದರೆ ಪಕ್ಕಕ್ಕೆ ತೆಗೆದಿಟ್ಟು ‘ರಿಜೆಕ್ಟ್’ ಎನ್ನುವರು. ಕುದಿಯುವ ಸಾರಿನ ಮುಚ್ಚಳ ತೆಗೆದು ಕನ್ನಡಕಕ್ಕೆ ಹಬೆ ಕೂರಿಸಿಕೊಂಡು, ಅದನ್ನೂ ಅವಳ ತಪ್ಪಿನ ಲೆಕ್ಕಕ್ಕೆ ಸೇರಿಸುವರು. ಶಾಂತಕುಮಾರಿ ಹಲಸೂರಿನ ತುಂಬಿದ ಮನೆಯಲ್ಲಿ ಬೆಳೆದವಳು, ನಾಲ್ಕನೇ ತರಗತಿಗೇ ಸ್ಲೇಟು ಕೆಳಗಿಟ್ಟವಳು. ಜಗಳವಾಡುವ ಅಭ್ಯಾಸವಿಲ್ಲ. ಎಲ್ಲಕ್ಕೂ ‘ಹೂಂ’ ಅನ್ನುವಳು, ಕಿವಿ ಮಾತ್ರ ಎಲ್ಲ ಕಡೆಗೂ ಇಟ್ಟಿರುವಳು.

ಹೀಗಿರುವಾಗ ಕಾಲೋನಿಯ ನಿವೃತ್ತರು ಸೇರಿ, ಹಳೆಯ ಶಟಲ್ ಕೋರ್ಟಿನ ತಗಡಿನ ಶೆಡ್ಡಿನಲ್ಲಿ ಮರಳುಮೂಟೆ ಜೋಡಿಸಿ, ಗುರಿ ಹೊಡೆಯುವ ಕ್ಲಬ್ ಮಾಡಿಕೊಂಡರು. ಕಾಫಿ ಕುಡಿದು ಹೊರಟ ಅನಂತರಾಮು ಇನ್ನು ಬರುವುದು ಊಟಕ್ಕೇ. ಶಾಂತಕುಮಾರಿ ಬೇಕಾದ ಹಾಗೆ ಹುರುಳಿಕಾಯಿ ಹೆಚ್ಚಿದಳು, ರೇಡಿಯೋ ಹಾಕಿಕೊಂಡಳು.

ಆ ಸುಖಕ್ಕೆ ಕಲ್ಲು ಹಾಕಿದವರು ಕ್ಲಬ್ಬಿನ ಕಾರ್ಯದರ್ಶಿ ಭಗವಂತರಾಯರು. ಕೃಷ್ಣರಾಜಪುರದ ಒಂದು ತಂಡದ ಜೊತೆ ಪಂದ್ಯ ಗೊತ್ತಾಗಿದೆ, ಭಾನುವಾರ ಆಯ್ಕೆ, ಆಯ್ಕೆಯಾದವರಿಗೆ ಮಾತ್ರ ಆಮೇಲೆ ಶೆಡ್ಡಿನಲ್ಲಿ ಅಭ್ಯಾಸ, ಉಳಿದವರು ಪಂದ್ಯ ಮುಗಿಯುವ ತನಕ ಮನೆಯಲ್ಲಿರಿ ಎಂದು ಸಾರಿಬಿಟ್ಟರು. ಅನಂತರಾಮು ಹೊಡೆದ ಗುಂಡುಗಳಂತೂ ಎಡಕ್ಕೆ, ಕೆಳಕ್ಕೆ ಬೀಳುತ್ತಿದ್ದವು. ಗುರಿ ತಪ್ಪಿದ ದಿನ ಅವರ ಚಪ್ಪಲಿ ಬಾಗಿಲಲ್ಲಿ ನಿಲ್ಲುತ್ತಿರಲಿಲ್ಲ, ಎಳೆದುಕೊಂಡು ನೇರ ಅಡುಗೆಮನೆಯ ಹೊಸಿಲಿಗೇ ಬರುತ್ತಿತ್ತು.

ಕೊನೆಗೆ ಶಾಂತಕುಮಾರಿಯೇ ಮುಂದೆ ನಿಂತು, ಸವತಿಗೆ ತನ್ನ ಹಳೆಯ ಸೀರೆ ಸುತ್ತಿ, ರಿಪೇರಿಗೆಂದು ಗಂಡನನ್ನು ಶಿವಾಜಿನಗರದ ಬಸ್ಸು ಹತ್ತಿಸಿ, ತಾನೂ ಹತ್ತಿದಳು. ಅದೇನು ಕಟ್ಟು ಎಂದು ಕಂಡಕ್ಟರ್ ಕೇಳಿದ. ಸುಳ್ಳು ಹೇಳಿ ಗೊತ್ತಿಲ್ಲದ ಅನಂತರಾಮು ‘ಗ’ ಎನ್ನುವಷ್ಟರಲ್ಲಿ ಅವಳು, “ಗಣೇಶನ ಮಂಟಪದ ಕಂಬ ಕಣಪ್ಪಾ” ಎಂದಳು. ಕಂಡಕ್ಟರ್ ಕಟ್ಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಮುಂದೆ ಹೋದ.

ಶಿವಾಜಿನಗರದ ಗಯಾಜ್ ಹೊಲಿಗೆ ಮಷೀನು, ಗ್ಯಾಸ್ ಒಲೆ, ಏರ್‌ಗನ್ನು ಎಲ್ಲವನ್ನೂ ರಿಪೇರಿ ಮಾಡುವವನು. ಗನ್ನು ಮಡಚುವ ಜಾಗದ ಸ್ಕ್ರೂ ಸಡಿಲವಾಗಿ ನಳಿಗೆ ಸ್ವಲ್ಪ ತಲೆ ಬಗ್ಗಿಸಿದೆ ಎಂದು ಅವನು ತೋರಿಸಿದ. ಸ್ಕ್ರೂ ಬಿಗಿಸಿ, ನಳಿಗೆ ನೆಟ್ಟಗೆ ಕೂರಿಸಿ, ಅಂಗಡಿ ಹಿಂದಿನ ಗೋಡೆಗೆ ಕಾಗದ ಅಂಟಿಸಿ ಹೊಡೆದು ನೋಡಿದ. ಈಗ ಗುಂಡು ಎಡಕ್ಕೆ ಓಡಲಿಲ್ಲ, ಆದರೆ ನಡುವಿನ ಸುತ್ತ ರಂಗೋಲಿ ಚುಕ್ಕಿಯಂತೆ ಚದುರಿಕೊಂಡಿತು. ಅನಂತರಾಮು ಬೇಸರಪಟ್ಟು ಎದುರಿನ ಹೋಟೆಲಿಗೆ ಟೀ ಕುಡಿಯಲು ಹೋದರು. ಶಾಂತಕುಮಾರಿ ಸ್ಟೂಲಿನ ಮೇಲೆ ಕೂತು, ಚದುರುವುದು ಯಾಕೆ ಅಂದಳು.

“ಗುಂಡು ಹೊರಗೆ ಹೋಗೋ ಹೊತ್ತಲ್ಲಿ ಬ್ಯಾರಲ್ ನಡುಗ್ತದೆ ಅಮ್ಮಾ, ತಟ್ಟೆಗೆ ಚಮಚ ಬಡದ್ರೆ ನಡುಗಲ್ವಾ, ಹಂಗೆ” ಎಂದ ಗಯಾಜ್. “ನಿಲ್ಸಕ್ಕಾಗಲ್ಲ. ಒಂದೇ ಥರಾ ನಡುಗ್ಬೇಕು, ಅಷ್ಟೇ. ಕೆಲವ್ರು ತುದೀಗೆ ಏನಾದ್ರೂ ಭಾರ ಹಾಕಿ, ಹಿಂದೆ ಮುಂದೆ ಸರಿಸಿ ನೋಡ್ತಾರೆ. ಸಿಕ್ರೆ ಸಿಕ್ತು, ಇಲ್ಲಾಂದ್ರೆ ಇಲ್ಲ.”

ಗಂಡ ಟೀ ಕುಡಿದು ಬಂದಾಗ ಶಾಂತಕುಮಾರಿ ಬಾಯಿ ಬಿಡಲಿಲ್ಲ. ಮನೆಗೆ ಬಂದು ಟ್ರಂಕಿನಿಂದ ತನ್ನ ಮದುವೆಯ ಕಾಲುಂಗುರ ತೆಗೆದಳು. ದಪ್ಪ ಬೆಳ್ಳಿಯದು, ಮೇಲೆ ಮೀನಿನ ಚಿತ್ರ, ಕೆಳಗೆ ಬಾಯಿ ತೆರೆದದ್ದು. ಈಗ ಬೆರಳಿಗೆ ಹಿಡಿಸುತ್ತಿರಲಿಲ್ಲ. ಕಟ್ಟಿಕೊಂಡು ಬಂದವಳು ಬರಿಗಾಲಲ್ಲಿ ಇರಬಾರದಲ್ಲ ಎಂದುಕೊಂಡು, ಗುರಿ ನೋಡುವ ಮುಳ್ಳಿನ ಹಿಂದೆ ಅದನ್ನು ನಳಿಗೆಗೆ ತೊಡಿಸಿ, ಒತ್ತಿ, ಅಲ್ಲಾಡದಂತೆ ಕಪ್ಪು ದಾರ ಸುತ್ತಿದಳು. ಮೀನು ಮುಚ್ಚಿಹೋಯಿತು.

ಮಾರನೆಯ ದಿನ ಅನಂತರಾಮು ಶೆಡ್ಡಿನಿಂದ ಬಂದು ವರಾಂಡದಲ್ಲೇ ಕೂತು ಪೇಪರ್ ಓದಿದರು. ಗಯಾಜ್ ಏನೋ ರಿಂಗ್ ಹಾಕಿದ್ದಾನೆ, ಒಳ್ಳೇ ಕೆಲಸಗಾರ ಎಂದರು. ಶಾಂತಕುಮಾರಿ ‘ಹೂಂ’ ಅಂದಳು. ಒಂದು ದಿನ ಅವಳು ಧೂಳು ಒರೆಸುವಾಗ ದಾರ ಸಡಿಲವಾಗಿ ಉಂಗುರ ತುಸು ಹಿಂದಕ್ಕೆ ಸರಿಯಿತು. ಅವತ್ತು ಚಪ್ಪಲಿ ಹೊಸಿಲಿಗೆ ಬಂತು, ಪಲ್ಯ ರಿಜೆಕ್ಟ್ ಆಯಿತು. ಅವಳಿಗೆ ದಾರಿ ತಿಳಿಯಿತು. ದಿನಾ ಅವರು ಸ್ನಾನಕ್ಕೆ ಹೋದಾಗ ಉಂಗುರವನ್ನು ಒಂದು ಎಳ್ಳಿನಷ್ಟು ಸರಿಸುವಳು, ಊಟದ ಹೊತ್ತಿಗೆ ಚಪ್ಪಲಿಯ ಸದ್ದು ಆಲಿಸುವಳು. ಶುಕ್ರವಾರ ಅನಂತರಾಮು ವರಾಂಡದಲ್ಲಿ ಶಿಳ್ಳೆ ಹಾಕಿದರು. ಉಂಗುರವಿದ್ದ ಜಾಗಕ್ಕೆ ಅವಳು ಕಾಡಿಗೆಯಿಂದ ಒಂದು ಚುಕ್ಕೆ ಇಟ್ಟಳು.

ಭಾನುವಾರ ಎಲ್ಲರಿಗೂ ಉಪ್ಪಿಟ್ಟು ಮಾಡಿಕೊಂಡು ಅವಳೂ ಶೆಡ್ಡಿಗೆ ಹೋದಳು. ಅನಂತರಾಮು ಗನ್ನು ಎತ್ತುವಾಗ ದಾರದ ತುದಿ ಮರಳುಮೂಟೆಗೆ ಸಿಕ್ಕಿ ಸರ್ರನೆ ಬಿಚ್ಚಿಕೊಂಡಿತು. ಬಿಸಿಲಿಗೆ ಮೀನು ಫಳಫಳ ಅಂದಿತು. ಭಗವಂತರಾಯರು ಬಗ್ಗಿ ನೋಡಿದರು.

“ಏನ್ರೀ ಅನಂತರಾಮು, ನಿಮ್ಮ ಗನ್ನಿಗೆ ಮದ್ವೆ ಯಾವಾಗಾಯ್ತು? ನಮಗೆ ಊಟಾನೇ ಹಾಕ್ಸಿಲ್ವಲ್ಲ.”

ಶೆಡ್ಡೇ ಅದುರುವಂತೆ ನಕ್ಕರು. ಅನಂತರಾಮು ಕಿವಿ ಕೆಂಪು ಮಾಡಿಕೊಂಡು ಉಂಗುರ ಕಿತ್ತು ಜೇಬಿಗೆ ಹಾಕಿಕೊಂಡರು. ಆಮೇಲೆ ಹೊಡೆದ ಗುಂಡುಗಳು ದಿಕ್ಕಿಗೊಂದಾದವು. ಇನ್ನು ಉಳಿದಿದ್ದು ಒಂದೇ ಸುತ್ತು. ಶಾಂತಕುಮಾರಿಗೆ ಕಣ್ಣ ಮುಂದೆ ಬಂದದ್ದು ಗುರಿಯಲ್ಲ, ಚಪಾತಿಯ ಮೇಲಿನ ಸ್ಟೀಲ್ ಸ್ಕೇಲು. ಉಪ್ಪಿಟ್ಟಿನ ಪಾತ್ರೆ ಕೆಳಗಿಟ್ಟು ಗಂಡನ ಹತ್ತಿರ ಹೋದಳು.

“ರೀ, ಜೇಬಲ್ಲಿರೋದು ಕೊಡಿ.”

“ನೀನಾ ಹಾಕಿದ್ದು? ನಗ್ತಾರೆ ಕಣೇ.”

“ನಗ್ಲಿ ಬಿಡಿ. ನೀವು ನಾಳೆಯಿಂದ ಮನೇಲಿ ಕೂತ್ರೆ ನಗೋರು ಯಾರಿದಾರೆ? ನಾನಂತೂ ನಗಲ್ಲ.”

ಅನಂತರಾಮು ಅವಳ ಮುಖವನ್ನೇ ನೋಡಿದರು. ಮಾತಿನ ಒಳಗಿದ್ದದ್ದು ತಟ್ಟಿರಬೇಕು, ಜೇಬಿನಿಂದ ಉಂಗುರ ತೆಗೆದು ಕೊಟ್ಟರು. ಅವಳು ಕಾಡಿಗೆ ಚುಕ್ಕೆ ನೋಡಿ ತೊಡಿಸಿ, ಸೆರಗಿನಿಂದ ಎಳೆ ಕಿತ್ತು ಸುತ್ತಿದಳು. ಹಿಂದಿನಿಂದ ಯಾರೋ ‘ಅರಿಶಿನ ಕುಂಕುಮ ಇಡ್ಲಿಲ್ವಾ’ ಎಂದು ಕೆಣಕಿದರು. ಅನಂತರಾಮು ಉಸಿರು ಬಿಗಿಹಿಡಿದು ಹೊಡೆದರು, ಮತ್ತೆ ಹೊಡೆದರು. ಕಾಗದ ತಂದು ನೋಡಿದರೆ ತೂತುಗಳು ಒಂದರ ಮೇಲೊಂದು ಕೂತು, ಒಂದು ಕಡಲೆಬೇಳೆ ಮುಚ್ಚುವಷ್ಟು ಜಾಗದಲ್ಲಿದ್ದವು. ಭಗವಂತರಾಯರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ತಂಡದಲ್ಲಿ ಹೆಸರು ಬರೆದುಕೊಂಡರು. ಉಪ್ಪಿಟ್ಟು ತಿನ್ನುವಾಗ ಅವರು ಗನ್ನಿನ ಕಡೆ ಕದ್ದು ನೋಡುವುದನ್ನು ಮಾತ್ರ ಬಿಡಲಿಲ್ಲ.

ಸೋಮವಾರ ಕಾಫಿ ಇಳಿಯುವ ಹೊತ್ತಿಗೆ ಬಾಗಿಲು ಬಡಿದರು. ಹೊರಗೆ ಭಗವಂತರಾಯರು, ಅವರ ಹಿಂದೆ ಇಡೀ ತಂಡ. ಹೆಗಲಲ್ಲಿ ಒಂದೊಂದು ಗನ್ನು, ಕೈಯಲ್ಲಿ ಕಾಗದದ ಪೊಟ್ಟಣ. ಒಳಗೆ ಅವರವರ ಹೆಂಡತಿಯರ ಕಾಲುಂಗುರ, ಒಬ್ಬರದ್ದರಲ್ಲಿ ಮೊಮ್ಮಗಳ ಬಳೆ. ಅನಂತರಾಮು ಮದುಮಗನ ಗತ್ತಿನಲ್ಲಿ ಎಲ್ಲರನ್ನೂ ನೇರ ಅಡುಗೆಮನೆಗೆ ಕರೆದುಕೊಂಡು ಹೋದರು, ತೂಗುವ ತಕ್ಕಡಿ ಇದ್ದದ್ದು ಅಲ್ಲಿ. ಕಟ್ಟೆಯ ಮೇಲಿನ ತರಕಾರಿ ಪಕ್ಕಕ್ಕೆ ಸರಿಯಿತು. ಒಂದೊಂದೇ ಉಂಗುರ ತಕ್ಕಡಿಗೇರಿ ‘ಪಾಸ್’, ‘ರಿಜೆಕ್ಟ್’ ಆಗತೊಡಗಿತು.

ಶಾಂತಕುಮಾರಿ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಆಮೇಲೆ ಫ್ಲಾಸ್ಕಿಗೆ ಕಾಫಿ ಬಗ್ಗಿಸಿಕೊಂಡು, ರೇಡಿಯೋ ಕಂಕುಳಲ್ಲಿಟ್ಟುಕೊಂಡು, ಶೆಡ್ಡಿನ ಕೀ ಕೊಡಿ ಎಂದು ಭಗವಂತರಾಯರನ್ನು ಕೇಳಿದಳು. ನೀವೂ ಗುರಿ ಹೊಡೀತೀರಾ ಎಂದು ಅವರು ಬೆರಗಾದರು. ಇಲ್ಲ, ಅಲ್ಲಿ ಈಗ ಯಾರೂ ಇಲ್ಲ ನೋಡಿ ಅಂದಳು.

ಅವಳು ಮೆಟ್ಟಿಲಿಳಿಯುವಾಗ ಅನಂತರಾಮು ಒಳಗಿನಿಂದ, ಹಾಗಾದರೆ ಮಧ್ಯಾಹ್ನದ ಅಡುಗೆ ಎಂದು ಕೂಗಿದರು.

“ಅಡುಗೆಮನೇಲಿ ಅಷ್ಟು ಜನ ಇದ್ದೀರಲ್ಲ” ಎಂದಳು ಶಾಂತಕುಮಾರಿ, ಗೇಟು ಮುಂದಕ್ಕೆ ಎಳೆದುಕೊಂಡಳು.