ಎಪ್ಪತ್ತೊಂದು ಹೆಜ್ಜೆ

ನಮ್ಮನೆಯವ್ರಿಗೆ ಬೀಗ ಅಂದ್ರೆ ಪ್ರಾಣ. ಮದುವೆಯಾದ ಹೊಸದರಲ್ಲಿ ಒಂದು ದಿನ ನನ್ನನ್ನ ಒಳಗಿಟ್ಟು ಬೀಗ ಹಾಕ್ಕೊಂಡು ಕೆಲಸಕ್ಕೆ ಹೋಗಿಬಿಟ್ಟಿದ್ರು. ಸಿಟ್ಟಿಗಲ್ಲ, ಅನುಮಾನಕ್ಕೂ ಅಲ್ಲ, ಬರೀ ಅಭ್ಯಾಸಬಲ. ಮಧ್ಯಾಹ್ನ ಊಟಕ್ಕೆ ಬಂದವರು ಬೀಗ ತೆಗೆದು ನನ್ನ ಮುಖ ನೋಡಿ, "ಅಯ್ಯೋ, ನೀನಿದ್ಯಾ ಒಳಗೆ?" ಅಂದ್ರು. ಆ ಮಾತನ್ನ ನಾನು ಇವತ್ತಿಗೂ ಮರೆತಿಲ್ಲ, ಅವರಿಗೂ ಮರೆಯೋಕೆ ಬಿಟ್ಟಿಲ್ಲ.

ಅವರ ಕೆಲಸ ಕ್ಲಬ್ಬೊಂದರ ಓಟದ ಮೈದಾನ ನೋಡ್ಕೊಳ್ಳೋದು. ಸುಣ್ಣದ ಗಾಡಿ ತಳ್ಕೊಂಡು ಗೆರೆ ಎಳೆಯೋದು, ಟೇಪು ಹಿಡಿದು ಅಳೆಯೋದು, ಹಾರೋ ಹಲಗೆ, ಕಬ್ಬಿಣದ ಗುಂಡು, ಈಟಿ ಎಲ್ಲ ಲೆಕ್ಕ ಇಟ್ಟು ಕೋಣೆಗೆ ಸೇರಿಸೋದು. ಸೊಂಟದಲ್ಲಿ ಕೀಲಿಗೊಂಚಲು, ನಡೆದ್ರೆ ಝಣಝಣ. ಬೀಗ ಹಾಕಿ ಮೂರು ಸಲ ಎಳೆದು ನೋಡದೆ ಅಲ್ಲಿಂದ ಕಾಲು ಕೀಳೋರಲ್ಲ. ಮೂವತ್ತು ವರ್ಷದಲ್ಲಿ ಆ ಕ್ಲಬ್ಬಿಂದ ಒಂದು ಗುಂಡುಸೂಜಿ ಕಳುವಾಗಿಲ್ಲ. ಓಡೋ ಹುಡುಗರು ಬೀಗದಣ್ಣ ಅಂತ ಕರೀತಿದ್ರು, ಇವರು ಅದನ್ನ ಬಿರುದು ಅನ್ನೋ ಹಾಗೆ ಹೊತ್ಕೊಂಡು ತಿರುಗ್ತಿದ್ರು. ನಾನು ಅದೇ ಕ್ಲಬ್ಬಿನ ಬಟ್ಟೆ ಒಗಿಯೋಳು. ಹಿಂದುಗಡೆ ನಲ್ಲಿ ಹತ್ರ ನನ್ನ ಕಲ್ಲು. ಬನಿಯನ್ನುಗಳ ಮೇಲೆ ನಂಬರು ಹೊಲಿಯೋದು ಹೊಲಿಗೆಯಮ್ಮ, ಎದುರು ಬೀದಿಯವಳು. ಗಂಡ ಇಲ್ಲ, ಇಬ್ಬರು ಮಕ್ಕಳು, ಇಬ್ಬರೂ ಓಡೋರೇ. ಅವಳ ಮಗನಿಗೆ ಹತ್ತೊಂಬತ್ತು, ಉದ್ದಕಾಲ ಅಂತಲೇ ಹೆಸರು. ಮಗಳಿಗೆ ಹದಿನಾರು.

ಈಗ ಆ ಹಳದಿ ಪೆಟ್ಟಿಗೆ ವಿಷಯ. ದೂರದಲ್ಲಿರೋ ಹಳೇ ಸದಸ್ಯರೊಬ್ಬರು ಸತ್ತ ತಮ್ಮನ ನೆನಪಿಗೆ ಅಂತ ಕಳಿಸಿದ್ದು. ನಿಂತ ಎದೆಗೆ ಶಾಕ್ ಕೊಟ್ಟು ಎಬ್ಬಿಸೋ ಯಂತ್ರ. ಮುಚ್ಚಳ ತೆಗೆದ್ರೆ ಸಾಕು, ಮುಂದೇನು ಮಾಡ್ಬೇಕು ಅಂತ ಅದೇ ಬಾಯಿಬಿಟ್ಟು ಹೇಳುತ್ತೆ. ಒಬ್ಬ ನರ್ಸಮ್ಮ ಬಂದು ರಬ್ಬರ್ ಗೊಂಬೆ ಮಲಗಿಸಿ ಅರ್ಧ ದಿನ ತೋರಿಸಿಕೊಟ್ರು. ಕ್ಲಬ್ಬಿನ ಕಾರ್ಯದರ್ಶಿಗಳು ಫೋಟೋ ಮುಗಿಯೋ ತನಕ ಇದ್ರು. ನಮ್ಮನೆಯವ್ರು ಕುರ್ಚಿ ಹಾಕೋದು, ತೆಗೆಯೋದು. ನಾನು ಟವೆಲ್ ಗಂಟು ಹೊತ್ತು ಬಾಗಿಲಲ್ಲಿ ನಿಂತು ಎಲ್ಲ ನೋಡಿದೆ. ನೋಡಿ, ಗೊಂಬೆಯ ಎದೆ ಹಾಗೆ ಕುಕ್ಕೋದು ಕಂಡು ಹೊಟ್ಟೆ ಹಿಡ್ಕೊಂಡು ನಕ್ಕೆ.

ಪೆಟ್ಟಿಗೆಯನ್ನ ಕ್ಲಬ್ಬಿನ ಜಗುಲಿ ಗೋಡೆಗೆ ಮೊಳೆ ಹೊಡೆದು ತೂಗಿಸಿದ್ರು. ಮೂರೇ ದಿನ. ನಾಲ್ಕನೇ ದಿನ ಕಾರ್ಯದರ್ಶಿಗಳಿಗೆ ನಿದ್ದೆ ಬರ್ಲಿಲ್ಲವಂತೆ. "ಇಂಥಾ ವಸ್ತು ಹೀಗೆ ಬಯಲಲ್ಲಿಟ್ರೆ ಯಾವನಾದ್ರೂ ಹೊತ್ಕೊಂಡು ಹೋಗ್ತಾನೆ. ಜೋಪಾನ ಮಾಡಪ್ಪ," ಅಂದ್ರು. ಜೋಪಾನ ಅನ್ನೋ ಮಾತು ಬಿದ್ದಿದ್ದೇ ತಡ, ನಮ್ಮ ಬೀಗದಣ್ಣ ಅದನ್ನ ಜಗುಲಿಯಲ್ಲೇ ಇದ್ದ ಗಾಜಿನ ಬೀರುವಿನಲ್ಲಿ, ಪಂದ್ಯಗಳಲ್ಲಿ ಗೆದ್ದ ಬೆಳ್ಳಿ ಕಪ್ಪುಗಳ ನಡುವೆ, ಕಸೂತಿ ಬಟ್ಟೆ ಹಾಸಿ ಕೂರಿಸಿದ್ರು. ಬೀಗ ಹಾಕಿ ಮೂರು ಸಲ ಎಳೆದ್ರು. ಅದರೊಳಗಿನ ಹಸಿರು ದೀಪ ಮಿಣುಕ್ ಮಿಣುಕ್ ಅಂತಿತ್ತು. ಬಂದ ಅತಿಥಿಗಳೆಲ್ಲ ನೋಡಿ, "ಚೆನ್ನಾಗಿದೆ" ಅಂತ ಹೋಗೋರು.

ಅವತ್ತು ಬೆಳಗ್ಗೆ ಏಳು ಗಂಟೆ. ಉದ್ದಕಾಲ ನಾನೂರು ಮೀಟರ್ ಓಡ್ತಿದ್ದ, ಕೊನೇ ತಿರುವಿನಲ್ಲಿ ಮುಗ್ಗರಿಸದೆ, ಕೂಗದೆ, ನೆಟ್ಟಗೆ ಮುಖ ಅಡಿಯಾಗಿ ಬಿದ್ದ. ಗದ್ದಲ ಕೇಳಿ ನಾನು ಸೋಪಿನ ಕೈಯಲ್ಲೇ ಓಡಿಬಂದೆ. ಹತ್ತು ಜನ ಸುತ್ತ ನಿಂತಿದ್ರು, ಅವನ ಜೊತೆ ಓಡೋಕೆ ಬಂದಿದ್ದ ತಂಗಿಯೂ. ಒಬ್ಬ ಕಾಲು ಎತ್ತಿ ಹಿಡಿದಿದ್ದ, ಒಬ್ಬ ಬಾಯಿಗೆ ನೀರು ಹುಯ್ತಿದ್ದ. ಹುಡುಗ ಆಗೊಂದು ಈಗೊಂದು ಬಾಯಿ ತೆರೆದು ಗೊರಕ್ ಅಂತಿದ್ದ. "ಉಸಿರಾಡ್ತಿದ್ದಾನೆ, ಏನೂ ಭಯವಿಲ್ಲ, ಬಿಸಿಲಿಗೆ ತಲೆ ಸುತ್ತಿದೆ" ಅಂತ ಒಬ್ಬ ಮಹಾನುಭಾವ ತೀರ್ಪು ಕೊಟ್ಟ. ಬೆಳಗ್ಗೆ ಏಳಕ್ಕೆ ಯಾವ ಬಿಸಿಲಪ್ಪ! ನಮ್ಮನೆಯವ್ರು ಚೆಂಬು ಹಿಡ್ಕೊಂಡು ನಲ್ಲಿಗೂ ಅಲ್ಲಿಗೂ ಓಡಾಡ್ತಿದ್ರು, ಸೊಂಟದಲ್ಲಿ ಕೀಲಿಗೊಂಚಲು ಝಣಝಣ ಅಂತಿತ್ತು. ಆಂಬುಲೆನ್ಸ್ ಬರೋ ಹೊತ್ತಿಗೆ ಹುಡುಗ ತಣ್ಣಗಾಗಿದ್ದ. ನರ್ಸಮ್ಮ ಗೊಂಬೆಯ ಎದೆ ಒತ್ತಿದ್ದು ನನಗೆ ನೆನಪಾಯ್ತು, ಮನೆಗೆ ಬಂದು ಕೈ ತೊಳ್ಕೊಂಡ ಮೇಲೆ.

ಮಾರನೇ ದಿನದಿಂದ ಜಗುಲಿ ಬೆಂಚಿನ ಮೇಲೆ ಪಂಡಿತರ ಸಭೆ ಶುರುವಾಯ್ತು. ಹುಡುಗನ ಹೃದಯ ಯಾಕೆ ನಿಂತುಹೋಯ್ತು? ಫಾರ್ವರ್ಡ್ ಮಾವ ಅಂತ ಒಬ್ಬರಿದ್ದಾರೆ, ರಿಟೈರಾದ ಗುಮಾಸ್ತ, ಫೋನಿಗೆ ಬಂದದ್ದೆಲ್ಲ ವೇದ ಅವರಿಗೆ. "ಲಸಿಕೆ! ಆ ಲಸಿಕೆ ಬಂದ ಮೇಲೇ ಇದೆಲ್ಲ ಶುರುವಾಗಿದ್ದು," ಅಂತ ದಿನಾ ಗಂಟಲು ಹರ್ಕೊಳ್ಳೋರು. ಈ ಮಹಾರಾಯರೇ ಸಾಲಲ್ಲಿ ಮೊದಲು ನಿಂತು ಮೂರು ಸಲ ಚುಚ್ಚಿಸ್ಕೊಂಡು ಗುಂಡುಕಲ್ಲಿನ ಹಾಗಿದ್ದಾರೆ, ಅದು ಬೇರೆ ಮಾತು. ದೇಹ ಬೆಳೆಸೋ ಪುಡಿ ಮಾರೋ ಅಂಗಡಿಯವನು ಯಾರೂ ಕೇಳೋ ಮುಂಚೆಯೇ, "ಪುಡಿಯಿಂದ ಅಂತೂ ಅಲ್ಲ," ಅಂದ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ಮೂರನೆಯವರು ಮಾಜಿ. ಒಂದು ಕಾಲದಲ್ಲಿ ಓಡಿ ನಾಲ್ಕನೇ ಸ್ಥಾನ ಬಂದಿದ್ರಂತೆ, ಅದನ್ನ ಮೊದಲನೆಯದಕ್ಕಿಂತ ಜೋರಾಗಿ ಹೇಳ್ಕೊಳ್ತಾರೆ. "ನಮ್ಮ ಕಾಲದಲ್ಲಿ ಯಾರಾದ್ರೂ ಹೀಗೆ ಸಾಯ್ತಿದ್ರಾ? ಈಗಿನ ಹುಡುಗರಿಗೆ ದಮ್ಮೇ ಇಲ್ಲ, ರಾತ್ರಿಯಿಡೀ ಫೋನು." ಸತ್ತ ಹುಡುಗನಿಗೆ ಫೋನೇ ಇರ್ಲಿಲ್ಲ ಕಣ್ರೀ! ಅಮ್ಮನ ಡಬ್ಬ ಫೋನಿಗೆ ಗೆಳೆಯರು ಮಾಡೋರು.

ಒಂದು ತಿಂಗಳು ಹೀಗೆ. ಚಹಾ ಕುಡಿದು ಲೋಟ ಅಲ್ಲೇ ಬಿಡೋದು, ತೊಳೆಯೋಕೆ ನಾನಿದ್ದೀನಲ್ಲ. ಒಬ್ಬರ ಮಾತಿಗೆ ಒಬ್ಬರು ತಲೆದೂಗೋದು, ಆಮೇಲೆ ಜಗಳ, ಆಮೇಲೆ ಇನ್ನೊಂದು ಚಹಾ. ಅವರ ಬೆನ್ನ ಹಿಂದೆ, ಗಾಜಿನ ಒಳಗೆ, ಹಸಿರು ದೀಪ ಮಿಣುಕ್ತಾನೇ ಇತ್ತು. ನಿಜವಾದ ಕಾರಣ ಬರೆದಿದ್ದ ಕಾಗದ ಎದುರು ಬೀದೀಲಿ, ಹೊಲಿಗೆಯಮ್ಮನ ಮೆಷಿನ್ನಿನ ಡ್ರಾಯರಲ್ಲಿ, ದಾರದ ಉಂಡೆಗಳ ಕೆಳಗೆ ಬಿದ್ದಿತ್ತು. ಮರಣೋತ್ತರ ಪರೀಕ್ಷೆಯ ಕಾಗದ. ಇಷ್ಟು ಜನ ಪಂಡಿತರಲ್ಲಿ ಒಬ್ಬನಾದ್ರೂ ರಸ್ತೆ ದಾಟಿ ಹೋಗಿ, "ಏನಮ್ಮಾ, ಡಾಕ್ಟ್ರು ಏನು ಬರೆದಿದ್ದಾರೆ?" ಅಂತ ಕೇಳ್ಬೇಕಲ್ಲ? ಊಹೂಂ. ಕೇಳಿದ್ರೆ ವಾದ ಮುಗಿದುಹೋಗುತ್ತಲ್ಲ, ಮಾರನೇ ದಿನ ಚಹಾ ಯಾತಕ್ಕೆ?

ಇತ್ತ ನಮ್ಮನೇಲಿ ಬೇರೆ ಕಥೆ. ಒಂದು ದಿನ ಕೆಲಸದಿಂದ ಬಂದು ನೋಡ್ತೀನಿ, ಮನೆ ಬಾಗಿಲು ಹಾರು ಹೊಡೆದಿದೆ. ಕಳ್ಳರು ಬಂದ್ರು ಅಂದ್ಕೊಂಡೆ. ಕಳ್ಳರೂ ಇಲ್ಲ, ಪಿಳ್ಳರೂ ಇಲ್ಲ, ಇವರೇ ತೆರೆದಿಟ್ಟು ಹೋಗಿದ್ದು. ಮಾರನೇ ದಿನ ಟ್ರಂಕು ತೆರೆದಿತ್ತು. ಊಟದ ಮುಂದೆ ಕೂತ್ರೆ ಅನ್ನ ಕಲಸ್ತಾನೇ ಇರೋರು, ಬಾಯಿಗೆ ಹೋಗ್ತಿರ್ಲಿಲ್ಲ.

"ರೀ, ಏನಾಗಿದೆ ನಿಮಗೆ? ಹೇಳಿದ್ರೆ ತಾನೇ ಗೊತ್ತಾಗೋದು," ಅಂದೆ.

"ಕೀಲಿ ನನ್ನ ಸೊಂಟದಲ್ಲೇ ಇತ್ತು ಕಣೇ," ಅಂದ್ರು.

ಮೊದಲು ನನಗೆ ಅರ್ಥ ಆಗ್ಲಿಲ್ಲ. ಆಮೇಲೆ ಬೀರುವಿನೊಳಗಿನ ಆ ಹಸಿರು ದೀಪ ಕಣ್ಣ ಮುಂದೆ ಬಂತು. ಬೈಯೋಣ ಅಂದ್ರೆ ನಾನೇನು ಸಾಚಾನಾ? ಕಲಿಸಿದ್ದನ್ನ ನೋಡಿ ನಕ್ಕವಳು ನಾನು.

ಅಷ್ಟರಲ್ಲಿ ಕಾರ್ಯದರ್ಶಿಗಳು ಅದೇ ಜಗುಲಿಯಲ್ಲಿ ವಿಚಾರಗೋಷ್ಠಿ ಇಟ್ರು. ಜಗುಲಿ ಬೆಂಚಿಗೆ ಮೈಕು ಸಿಕ್ಕಿತು, ಅಷ್ಟೇ. "ಕ್ರೀಡಾಪಟುಗಳ ಹೃದಯ ಏಕೆ ನಿಲ್ಲುತ್ತದೆ?" ಅಂತ ಬಟ್ಟೆ ಬ್ಯಾನರು. ಫಾರ್ವರ್ಡ್ ಮಾವನಿಗೆ ಅರ್ಧ ಗಂಟೆ, ಮಾಜಿಗೆ ಅರ್ಧ ಗಂಟೆ, ಪುಡಿಯವನಿಗೆ ಅರ್ಧ ಗಂಟೆ, ಬ್ಯಾನರಿನ ಖರ್ಚು ಅವನದೇ ಅಲ್ವಾ. ಆಸ್ಪತ್ರೆಯಿಂದ ಬಂದಿದ್ದ ಹೃದಯದ ಡಾಕ್ಟರಮ್ಮನಿಗೆ ಕೊನೆಗೆ ಐದು ನಿಮಿಷ. ಹೊಲಿಗೆಯಮ್ಮ ಮಗಳನ್ನ ಕರ್ಕೊಂಡು ಹಿಂದಿನ ಸಾಲಲ್ಲಿ ಕೂತಿದ್ಲು. ಮೂರು ಭಾಷಣ ಮುಗಿಯೋ ತನಕ ಕಾದು ಎದ್ದು ನಿಂತ್ಲು.

"ನನಗೊಂದೇ ಹೇಳಿ ಸಾಕು. ಇವಳೂ ಓಡ್ತಾಳೆ. ಮುಂದಿನ ವಾರ ಪಂದ್ಯ ಇದೆ. ಓಡಿಸ್ಲೋ ಬೇಡ್ವೋ?"

ಪುಡಿಯವನು, "ಧಾರಾಳವಾಗಿ ಓಡಿಸಿ," ಅಂದ. ಫಾರ್ವರ್ಡ್ ಮಾವ, "ಲಸಿಕೆ ಹಾಕಿಸಿದ್ದೀರಾ?" ಅಂದ್ರು. ಹಾಕಿಸಿದ್ದೀವಿ ಅಂದ್ಲು. "ಹಾಗಾದ್ರೆ ಕಷ್ಟ," ಅಂದ್ರು. ಮಾಜಿ, "ಹೆದರಿದೋರು ಓಡಬಾರದು," ಅಂತ ಗಾದೆ ಉದುರಿಸಿದ್ರು. ಮೂವರಿಗೂ ಜಗಳ ಹತ್ತಿತು, ಆ ತಾಯಿ ನಿಂತೇ ಇದ್ಲು. ನನಗೆ ಮೈಯೆಲ್ಲ ಉರಿದುಹೋಯ್ತು.

ಡಾಕ್ಟರಮ್ಮ ಮೈಕು ಬಿಟ್ಟು ಕೆಳಗೆ ಇಳಿದು ಬಂದು, "ಪರೀಕ್ಷೆಯ ಕಾಗದ ಏನಾದ್ರೂ ಇದ್ಯಾಮ್ಮಾ?" ಅಂದ್ರು. ಒಂದು ತಿಂಗಳಲ್ಲಿ ಕೇಳಿದವರು ಅವರೊಬ್ಬರೇ. ಹೊಲಿಗೆಯಮ್ಮ ಚೀಲದಿಂದ ತೆಗೆದುಕೊಟ್ಲು. "ಅಲ್ಲಿ ಏನೋ ಹೇಳಿದ್ರು ಮೇಡಂ, ಆಗ ನನ್ನ ಕಿವಿ ಎಲ್ಲಿತ್ತೋ," ಅಂದ್ಲು.

ಡಾಕ್ಟರಮ್ಮ ಓದಿ ಮೆಲ್ಲಗೆ ಹೇಳಿದ್ರು. ಹುಡುಗನ ಹೃದಯದ ಗೋಡೆ ದಪ್ಪಗಾಗಿತ್ತು. ಅದು ಹುಟ್ಟಿನಿಂದಲೇ ರಕ್ತದಲ್ಲಿ ಬರೋದು, ಒಡಹುಟ್ಟಿದವರಿಗೂ ಇರಬಹುದು. ಎಲ್ಲರಿಗೂ ಇದೇ ಕಾರಣ ಅಲ್ಲ, ಕೆಲವರಿಗೆ ಜ್ವರ ಬಂದು ಹೃದಯಕ್ಕೆ ಬಾವು ಬಂದಿರುತ್ತೆ, ಕೆಲವರಿಗೆ ಕೊಯ್ದು ನೋಡಿದ್ರೂ ಕಾರಣ ಸಿಗಲ್ಲ. "ನಾಳೆ ಇವಳನ್ನ ಕರ್ಕೊಂಡು ಬನ್ನಿ. ನೋಡೋ ತನಕ ಒಂದು ಹೆಜ್ಜೆನೂ ಓಡೋದು ಬೇಡ." ಆಮೇಲೆ ಸಭೆ ಕಡೆ ತಿರುಗಿ, "ಕಾರಣ ಏನೇ ಇರ್ಲಿ, ಬಿದ್ದ ಮೊದಲ ಕೆಲವು ನಿಮಿಷದಲ್ಲಿ ಎದೆ ಒತ್ತಿ ಶಾಕ್ ಕೊಟ್ರೆ ಎಷ್ಟೋ ಜನ ಉಳೀತಾರೆ. ಇಲ್ಲಿ ಆ ಯಂತ್ರ ಇದ್ಯಾ?" ಅಂದ್ರು.

ಕಾರ್ಯದರ್ಶಿಗಳ ಮುಖ ಅರಳಿತು. "ಇದೆ ಮೇಡಂ! ಬಹಳ ಜೋಪಾನವಾಗಿ ಇಟ್ಟಿದ್ದೀವಿ."

ಎಲ್ಲರ ಕತ್ತೂ ಬೀರುವಿನ ಕಡೆ ತಿರುಗಿತು. ಕಪ್ಪುಗಳು, ಕಸೂತಿ ಬಟ್ಟೆ, ಹಸಿರು ದೀಪ, ಕೆಳಗೆ ಹಿತ್ತಾಳೆ ಬೀಗ. ಕಾರ್ಯದರ್ಶಿಗಳು, "ಅವತ್ತು ಕೀಲಿ ಎಲ್ಲಿತ್ತೋ ಏನೋ..." ಅಂತ ರಾಗ ಎಳೆದ್ರು.

ಕುರ್ಚಿಗಳ ಹಿಂದೆ ನಿಂತಿದ್ದ ನಮ್ಮನೆಯವ್ರು ಮುಂದೆ ಬಂದ್ರು. ಕೀಲಿಗೊಂಚಲು ಬಿಚ್ಚಿ ಮೇಜಿನ ಮೇಲಿಟ್ರು. "ನನ್ನ ಹತ್ರ ಇತ್ತು. ಬೀಗ ಹಾಕಿದ್ದು ನಾನು. ಅವನು ಬಿದ್ದಾಗ ನಾನು ಅಲ್ಲೇ ಇದ್ದೆ. ಪೆಟ್ಟಿಗೆ ನೆನಪಾಗ್ಲಿಲ್ಲ. ನನಗದು ಬೆಳ್ಳಿ ಕಪ್ಪಿನ ಹಾಗೇ ಕಾಣ್ತಿತ್ತು." ಅಷ್ಟು ಹೇಳಿ ಹೊಲಿಗೆಯಮ್ಮನ ಕಡೆ ಕೈ ಮುಗಿದ್ರು. ಮೂವತ್ತು ವರ್ಷ ಅವರ ಜೊತೆ ಬಾಳಿದ್ದೀನಿ, ಅವರು ಜನರೆದುರು ಅಷ್ಟುದ್ದ ಮಾತಾಡಿದ್ದನ್ನ ಅವತ್ತೇ ನೋಡಿದ್ದು.

ಹೊಲಿಗೆಯಮ್ಮ ಬೈಯಲಿಲ್ಲ, ಅಳಲೂ ಇಲ್ಲ. "ತೆಗೀರಿ," ಅಂದ್ಲು.

ಕತ್ತಲಲ್ಲೂ ಬೆರಳಿಂದಲೇ ಕೀಲಿ ಗುರುತು ಹಿಡಿಯೋ ಮನುಷ್ಯ, ಅವತ್ತು ಮೂರು ತಪ್ಪು ಕೀಲಿ ಹಾಕಿದ್ರು. ಪೆಟ್ಟಿಗೆ ತಂದಿಟ್ಟು ಮುಚ್ಚಳ ತೆಗೆದ್ರು. ತೆಗೆದ ಕೂಡಲೇ ಅದು ಮಾತಾಡಿತು. ಹೆಣ್ಣು ದನಿ, ಗಾಬರಿ ಇಲ್ಲದ ದನಿ. "ಸಹಾಯಕ್ಕೆ ಕರೆಯಿರಿ. ಎದೆಯ ಮೇಲಿನ ಬಟ್ಟೆ ತೆಗೆಯಿರಿ. ಚಿತ್ರದಲ್ಲಿರುವಂತೆ ಪಟ್ಟಿಗಳನ್ನು ಎದೆಗೆ ಅಂಟಿಸಿ." ಅಂಟಿಸೋಕೆ ಎದೆ ಎಲ್ಲಿದೆ? ಅದು ಮತ್ತೆ ಹೇಳಿತು, ಮತ್ತೆ ಹೇಳಿತು. ಒಂದು ತಿಂಗಳು ಬಾಯಿ ಮುಚ್ಚದ ಮೂವರೂ ಬಾಯಿ ಮುಚ್ಚಿ ಕೂತಿದ್ರು. ಡಾಕ್ಟರಮ್ಮ ಬಂದು ಅದನ್ನ ನಿಲ್ಲಿಸೋ ತನಕ ಹೊಲಿಗೆಯಮ್ಮ ಪೂರ್ತಿ ಕೇಳಿಸ್ಕೊಂಡ್ಲು.

ಮಾರನೇ ದಿನ ತಾಯಿ ಮಗಳು ಆಸ್ಪತ್ರೆಗೆ ಹೊರಟಾಗ ನಮ್ಮನೆಯವ್ರು ಅವರ ಬಾಗಿಲಲ್ಲಿ ನಿಂತಿದ್ರು. ಬನ್ನಿ ಅಂತ ಅವಳು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ನಾನೂ ಹೋದೆ. ಹುಡುಗಿಯನ್ನ ಪರೀಕ್ಷೆ ಕೋಣೆಗೆ ಕರ್ಕೊಂಡು ಹೋದ್ರು, ನಾವು ಮೂವರೂ ಹೊರಗೆ ಉದ್ದ ಬೆಂಚಿನ ಮೇಲೆ. ಕ್ಲಬ್ಬಿಂದ ಬೇರೆ ಯಾವ ನರಪಿಳ್ಳೆನೂ ಬಂದಿರ್ಲಿಲ್ಲ. ಜಗುಲಿ ಬೆಂಚಿನ ಪಂಡಿತರಿಗೆ ಅವತ್ತು ಹೊಸ ವಿಷಯ ಸಿಕ್ಕಿತ್ತು, ತಪ್ಪು ಯಾರದು ಅಂತ.

ಒಂದು ಗಂಟೆ ಆಗಿತ್ತು. ಡಾಕ್ಟರಮ್ಮ ಹೊರಗೆ ಬಂದು ಹೊಲಿಗೆಯಮ್ಮನ ಕೈ ಹಿಡ್ಕೊಂಡು, ಇವಳಿಗೂ ಅದೇ ಇದೆ ಅಂದ್ರು. ಸರಿಯಾದ ಹೊತ್ತಿಗೆ ಬಂದ್ರಿ, ಮಾತ್ರೆ ಇದೆ, ನೋಡ್ಕೊಳ್ಳೋಣ, ಆದ್ರೆ ಪಂದ್ಯದ ಓಟ ಇನ್ನಿಲ್ಲ ಅಂದ್ರು. ಒಳಗೆ ಹುಡುಗಿಗೂ ಹೇಳಿದ್ದಾರಂತೆ. ಹೊಲಿಗೆಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡ್ಲು. ಡಾಕ್ಟರಮ್ಮ ಹೋದ ಮೇಲೆ ಗೋಡೆ ನೋಡ್ಕೊಂಡು ಕೇಳಿದ್ಲು.

"ಅವನು ಬಿದ್ದ ಜಾಗದಿಂದ ಆ ಬೀರುವಿಗೆ ಎಷ್ಟು ದೂರ?"

"ಎಪ್ಪತ್ತೊಂದು ಹೆಜ್ಜೆ," ಅಂದ್ರು ನಮ್ಮನೆಯವ್ರು. ಯೋಚನೆ ಮಾಡ್ಲಿಲ್ಲ. "ಅವತ್ತಿಂದ ದಿನಾ ಅಳೆದಿದ್ದೀನಮ್ಮ."

ಹುಡುಗಿ ಬಾಗಿಲಲ್ಲಿ ನಿಂತಿದ್ಲು, ಯಾವಾಗ ಬಂದಳೋ. ಶೂ ಕೈಯಲ್ಲಿತ್ತು, ಇನ್ನೂ ಹಾಕ್ಕೊಂಡಿರ್ಲಿಲ್ಲ.

"ನಂಗೆ ಎಂಟು ಸೆಕೆಂಡ್ ಸಾಕಿತ್ತು ಮಾಮ," ಅಂದ್ಲು. "ಕೀಲಿ ನನ್ನ ಕೈಗೆ ಕೊಟ್ಟಿದ್ರೆ."