ಕೆಂಪು ಗುಂಡಿಯ ಮೇಲೆ ಹೆಂಡತಿಯ ಕೈ

ಆ ಪಂಪು ಕಾರ್ಖಾನೆಯಲ್ಲಿ ಅವರನ್ನು ಎಲ್ಲರೂ ಪರದೆ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಮೇಷ್ಟ್ರು ಒಂದು ದಿನವೂ ತರಗತಿಯ ಮುಂದೆ ನಿಂತವರಲ್ಲ, ಸೀಮೆಸುಣ್ಣ ಹಿಡಿದವರಲ್ಲ. ಹೊಸ ಕೆಲಸಗಾರರು ಕಂಪ್ಯೂಟರಿನಲ್ಲಿ ನೋಡಿ ಕಲಿಯುವ ಪಾಠಗಳನ್ನು ತಯಾರಿಸುವುದು ಅವರ ಕೆಲಸ. ಅದಕ್ಕೂ ಮೊದಲು ಅದೇ ಕಾರ್ಖಾನೆಯ ಗೋಡೆಗಳ ಮೇಲೆ ಬಣ್ಣದಲ್ಲಿ ಎಚ್ಚರಿಕೆಯ ಮಾತುಗಳನ್ನು ಬರೆಯುತ್ತಿದ್ದರು. ಗೋಡೆಯ ಮೇಲೆ ಒಂದನ್ನು ಅಳಿಸಿ ಇನ್ನೊಂದನ್ನು ಬರೆದರೆ ಹಳೆಯದರ ಕಥೆ ಮುಗಿಯಿತು. ಕಂಪ್ಯೂಟರಿನಲ್ಲಿ ಹಾಗಲ್ಲ, ಅಡಿಯಲ್ಲಿದ್ದದ್ದು ಅಡಿಯಲ್ಲೇ ಬೆಚ್ಚಗೆ ಇರುತ್ತದೆ ಎಂದು ತಿಳಿದ ದಿನ ಅವರಿಗೆ ಸ್ವರ್ಗಕ್ಕೆ ಮೂರೇ ಗೇಣು.

ಉಗ್ರಾಣದ ಪಕ್ಕದ ಕೋಣೆ, ರಟ್ಟಿನ ಪೆಟ್ಟಿಗೆಗಳ ವಾಸನೆ, ಒಂದು ಗಾಲಿ ಕಳೆದುಕೊಂಡು ವಾಲಿದ ಕುರ್ಚಿ. ಆ ವಾಲಿದ ಸಿಂಹಾಸನದಲ್ಲಿ ಕುಳಿತು ಅವರು ಪರದೆಯ ಸಕಲ ವಸ್ತುಗಳ ಹಣೆಬರಹ ಬರೆಯುತ್ತಿದ್ದರು. ಚಿತ್ರವಿರಲಿ, ಅಕ್ಷರವಿರಲಿ, ಒತ್ತುವ ಗುಂಡಿಯಿರಲಿ, ಯಾರು ಯಾವ ಪದರದಲ್ಲಿರಬೇಕು, ಯಾರ ಮೇಲೆ ಯಾರು ಕೂರಬೇಕು, ಎಷ್ಟು ದಟ್ಟವಾಗಿ ಕಾಣಬೇಕು, ಥಟ್ಟನೆ ಬರಬೇಕೋ ಮೆಲ್ಲಗೆ ಮೂಡಬೇಕೋ, ಎಲ್ಲವೂ ಅವರದೇ ತೀರ್ಮಾನ. ಒಂದು ಅಂಕಿ ಬದಲಿಸಿದರೆ ಮೋಟಾರು ಹಿಂದಕ್ಕೆ ಸರಿಯಿತು, ಕೊಳವೆ ಮುಂದಕ್ಕೆ ಬಂತು. ಮನೆಯಲ್ಲಿ ಟಿ.ವಿ.ಯ ರಿಮೋಟು ಅವರ ಕೈಗೆ ಸಿಕ್ಕುತ್ತಿರಲಿಲ್ಲ ಎಂಬುದು ಬೇರೆ ವಿಷಯ.

ಅವರ ಪಾಠಗಳಲ್ಲೆಲ್ಲ 'ಇಲ್ಲಿ ಒತ್ತಿ' ಎಂದು ತೋರಿಸಲು ಒಂದು ಕೈ ಬರುತ್ತಿತ್ತು. ಅದು ಅವರ ಹೆಂಡತಿಯ ಕೈ. ಮೊದಲ ಪಾಠ ಮಾಡುವಾಗ ಕೈಯ ಚಿತ್ರ ಬೇಕಾಯಿತು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವಳನ್ನು ಕರೆದು, ಕೈ ಒರೆಸಿ, ಬಿಳಿ ಗೋಡೆಯ ಮುಂದೆ ಬೆರಳು ಚಾಚಿಸಿ ಫೋಟೋ ತೆಗೆದಿದ್ದರು. ಚಿಕ್ಕಂದಿನಲ್ಲಿ ಸೈಕಲ್ಲಿನಿಂದ ಬಿದ್ದು ಸೊಟ್ಟಗಾಗಿದ್ದ ಕಿರುಬೆರಳೂ ಅದರಲ್ಲಿ ಬಂದಿತ್ತು. "ಇಡೀ ಫ್ಯಾಕ್ಟರಿ ನಾನ್ ತೋರಿಸಿದ ಕಡೆ ಒತ್ತುತ್ತೆ," ಎಂದು ಆಕೆ ಬಂಧುಬಳಗಕ್ಕೆಲ್ಲ ಸಾರಿದ್ದಳು. ನಂಬದವಳು ಒಬ್ಬಳೇ, ಆಕೆಯ ಅಕ್ಕ. "ಕೈ ಯಾರದಾದ್ರೂ ಕೈಯೇ ಕಣೇ. ನಿನ್ನ ಗಂಡ ಎಲ್ಲಿಂದಲೋ ತಂದು ನಿಂದು ಅಂತ ಹೇಳಿರ್ತಾನೆ," ಎಂದಿದ್ದಳು. ಕಾರ್ಖಾನೆಗೆ ಮನೆಯವರನ್ನು ಕರೆತರುವ ದಿನ ಹತ್ತಿರವಾಗುತ್ತಿತ್ತು. ಅಂದು ಅಕ್ಕನನ್ನು ಕರೆದೊಯ್ದು ಬಾಯಿ ಮುಚ್ಚಿಸುವುದಾಗಿ ತಂಗಿ ಪಣ ತೊಟ್ಟಳು.

ಅಷ್ಟರಲ್ಲಿ ಹೊಸ ಮ್ಯಾನೇಜರು ಬಂದರು. ಪಾಠಗಳನ್ನು ನೋಡಿ, "ಈ ಕೈ ತೆಗೀರಿ ಮೇಷ್ಟ್ರೇ. ಬಾಣದ ಗುರುತು ಹಾಕಿ, ಅಚ್ಚುಕಟ್ಟಾಗಿರುತ್ತೆ," ಎಂದರು.

ಮೇಷ್ಟ್ರು ಬಾಣ ಹಾಕಿದರು. ಕೈ ತೆಗೆಯಲು ಹೋಗಿ ಬೆರಳು ತಡೆದರು. ದಿನವೂ ಸಂಜೆ ಚಪ್ಪಲಿ ಬಿಡುವ ಮೊದಲೇ ಹೆಂಡತಿಯ ಪ್ರಶ್ನೆ ಎದುರಾಗುತ್ತಿತ್ತು: "ಕೈ ಇದೆ ತಾನೇ?" ಸುಳ್ಳು ಹೇಳುವ ಅಭ್ಯಾಸ ಅವರಿಗಿಲ್ಲ. ನಿಜ ಹೇಳುವ ಎದೆಗಾರಿಕೆಯೂ ಇಲ್ಲ. ಇಂಥವರಿಗೆಂದೇ ಆ ತಂತ್ರಾಂಶದಲ್ಲಿ ಎರಡು ದಾರಿಗಳಿದ್ದವು. ಒಂದು, ವಸ್ತುವನ್ನು 'ಮರೆ' ಮಾಡುವುದು. ಹಾಗೆ ಮಾಡಿದರೆ ಅದು ಲೆಕ್ಕಕ್ಕೇ ಇಲ್ಲ. ಇನ್ನೊಂದು, ಅದರ ದಟ್ಟಣೆಯನ್ನು ಸೊನ್ನೆಗೆ ಇಳಿಸುವುದು. ಆಗ ವಸ್ತು ತನ್ನ ಜಾಗದಲ್ಲೇ ಇರುತ್ತದೆ, ಗಾಜಿಗಿಂತ ತೆಳ್ಳಗೆ, ಕಣ್ಣಿಗೆ ಮಾತ್ರ ಕಾಣದು. ಮರೆ ಮಾಡಿದರೆ ಹೆಂಡತಿಯನ್ನು ಹೊರಗೆ ಹಾಕಿದಂತೆ ಎಂದು ಮೇಷ್ಟ್ರ ಧರ್ಮಬುದ್ಧಿ ಹೇಳಿತು. ದಟ್ಟಣೆ ಸೊನ್ನೆಗಿಳಿಯಿತು. ಅಂದು ಸಂಜೆ, "ಇದೆ ಕಣೇ, ಎಲ್ಲಕ್ಕಿಂತ ಮೇಲಿನ ಪದರದಲ್ಲಿದೆ," ಎಂದು ಎದೆಯುಬ್ಬಿಸಿ ಹೇಳಿದರು. ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅಕ್ಕ ಬರುವ ದಿನಕ್ಕೆ ಏನು ಮಾಡುವುದೆಂದು ಮಾತ್ರ ಅವರು ಯೋಚಿಸಲಿಲ್ಲ. ಅದೇನಿದ್ದರೂ ನಾಳಿನ ಮಾತು.

ಕೊನೆಗೂ ಆ ನಾಳೆ ಬಂತು. ಕ್ಯಾಂಟೀನಿನ ಮೇಜುಗಳನ್ನು ಗೋಡೆಗೆ ಸರಿಸಿ, ಮುಟ್ಟಿದರೆ ಕೆಲಸ ಮಾಡುವ ದೊಡ್ಡ ಪರದೆ ನಿಲ್ಲಿಸಿದ್ದರು. ಎರಡನೇ ಸಾಲಿನಲ್ಲಿ ಅಕ್ಕ, ತಂಗಿ. ಪರದೆಯ ಪಕ್ಕ ಕಂಪ್ಯೂಟರಿನ ಮುಂದೆ ಮೇಷ್ಟ್ರು. ಅಪಾಯ ಕಂಡಾಗ ಯಂತ್ರವನ್ನು ನಿಲ್ಲಿಸುವುದು ಹೇಗೆ ಎಂಬ ಪಾಠ ಶುರುವಾಯಿತು. ಪರದೆಯ ಮೇಲೆ ಯಂತ್ರ ಗಡಗಡ ತಿರುಗಿತು. ಕೆಂಪು ಗುಂಡಿ ಮೂಡಿತು. ಬಾಣ ಬಂತು.

"ಎಲ್ಲೇ ನಿನ್ನ ಕೈ?" ಅಕ್ಕ ಕೇಳಿದಳು.

"ಬರುತ್ತೆ ಇರೇ," ಎಂದು ತಂಗಿ ಕತ್ತು ಉದ್ದ ಮಾಡಿದಳು.

ಮ್ಯಾನೇಜರು ಗಂಭೀರವಾಗಿ ಹೋಗಿ ಕೆಂಪು ಗುಂಡಿ ಒತ್ತಿದರು. ಯಂತ್ರ ತಿರುಗುತ್ತಲೇ ಇತ್ತು. ಮತ್ತೆ ಒತ್ತಿದರು. ಹೆಬ್ಬೆರಳಿನಿಂದ ಒತ್ತಿದರು, ಅಂಗೈಯಿಂದ ಒತ್ತಿದರು. ಹಿಂದಿನ ಸಾಲಿನಿಂದ ಯಾರೋ, "ಸಾರ್, ಅಷ್ಟೊತ್ತಿಗೆ ನಮ್ಮ ತೋಳು ಒಳಗೆ ಹೋಗಿರುತ್ತೆ!" ಎಂದರು. ಕ್ಯಾಂಟೀನು ಗೊಳ್ಳೆಂದಿತು.

ಎಡವಟ್ಟು ಎಲ್ಲಾಯಿತೆಂದು ಮೇಷ್ಟ್ರಿಗೆ ಆಗ ಹೊಳೆಯಿತು. ಪಾಠವನ್ನು ಪರೀಕ್ಷಿಸುವಾಗ ಅವರು ಕೀಲಿಮಣೆಯಲ್ಲೇ ಮುಂದೆ ಮುಂದೆ ಓಡಿಸಿದ್ದರು, ಗುಂಡಿ ಮುಟ್ಟಿರಲಿಲ್ಲ. ಕಾಣದಿದ್ದರೇನು, ಕೈ ಇದ್ದೇ ಇತ್ತಲ್ಲ! ಗುಂಡಿಯ ಮೇಲೆ ಪಟ್ಟಾಗಿ ಕುಳಿತು, ಮ್ಯಾನೇಜರ ಪ್ರತಿ ಒತ್ತನ್ನೂ ತಾನೇ ನುಂಗುತ್ತಿತ್ತು. ಅಳಿಸಲು ಒಂದೇ ಕೀಲಿ ಸಾಕು. ಯಂತ್ರ ನಿಲ್ಲುತ್ತದೆ, ನೌಕರಿ ನೆಟ್ಟಗಿರುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಮೇಷ್ಟ್ರು ತಲೆಯೆತ್ತಿದರು. ಹೆಂಡತಿ ಇನ್ನೂ ಕತ್ತು ಉದ್ದ ಮಾಡಿಕೊಂಡೇ ಪರದೆಯ ಮೂಲೆ ಮೂಲೆ ಹುಡುಕುತ್ತಿದ್ದಳು. ಪಕ್ಕದಲ್ಲಿ ಅಕ್ಕ ಸೆರಗಿನ ಮರೆಯಲ್ಲಿ ನಗುತ್ತಿದ್ದಳು.

ಪರದೆ ಮೇಷ್ಟ್ರು ಅಳಿಸಲಿಲ್ಲ. ದಟ್ಟಣೆಯನ್ನು ಸೊನ್ನೆಯಿಂದ ನೂರಕ್ಕೆ ಏರಿಸಿದರು. ಹಿಂದೆ ಯಾವ ಕಾಲದಲ್ಲೋ 'ಮೆಲ್ಲಗೆ ಮೂಡು' ಎಂದು ಬರೆದಿಟ್ಟಿದ್ದ ಹಣೆಬರಹದಂತೆ ಆ ಕೈ ರಾಣಿಯ ಸವಾರಿಯ ಹಾಗೆ ಅವಸರವಿಲ್ಲದೆ ಮೂಡಿತು. ಮೊದಲು ಮಣಿಕಟ್ಟು, ಆಮೇಲೆ ಬೆರಳುಗಳು, ಕೊನೆಗೆ ಆ ಕಿರುಬೆರಳು.

"ಅಯ್ಯೋ, ಸೊಟ್ಟ ಬೆರಳು! ನಿಂದೇ ಕಣೇ!" ಅಕ್ಕ ಕೂಗಿದಳು.

ತಂಗಿ ಉದ್ದ ಮಾಡಿದ್ದ ಕತ್ತನ್ನು ಇಳಿಸಿದಳು. ಕುರ್ಚಿಗೆ ಒರಗಿ ಕೂತಳು, ಅಷ್ಟೇ.

ಮೇಷ್ಟ್ರು ಕೈಯನ್ನು ಗುಂಡಿಯ ಹಿಂದಿನ ಪದರಕ್ಕೆ ಸರಿಸಿದರು. ಮ್ಯಾನೇಜರು ಮತ್ತೊಮ್ಮೆ ಒತ್ತಿದರು. ಯಂತ್ರ ನಿಂತಿತು, ಚಪ್ಪಾಳೆ ಬಿತ್ತು. ಚಪ್ಪಾಳೆಯ ನಡುವೆಯೇ ಅವರು ಮೇಷ್ಟ್ರತ್ತ ಬಗ್ಗಿ, "ತೆಗೀರಿ ಅಂದಿದ್ದೆನಲ್ಲಾ?" ಎಂದರು.

"ತೆಗೆದಿದ್ದೆ ಸಾರ್, ಕಣ್ಣಿಂದ," ಎಂದರು ಮೇಷ್ಟ್ರು.

ಮರುದಿನ ಮ್ಯಾನೇಜರು ಎದುರಿಗೇ ನಿಂತು ಎಲ್ಲ ಪಾಠಗಳಿಂದ ಕೈಯನ್ನು ಅಳಿಸಿಸಿದರು. ಹೆಂಡತಿಗೆ ಅದರ ಚಿಂತೆಯಿಲ್ಲ. ಅಕ್ಕ ನೋಡಿಯಾಗಿತ್ತು. ಆದರೆ ನಡೆದದ್ದನ್ನೆಲ್ಲ ಗಂಡನ ಬಾಯಿಂದ ಬಿಡಿಸಿ ಬಿಡಿಸಿ ಕೇಳಿದ ಮೇಲೆ ಆಕೆಯ ಪಾಟೀಸವಾಲು ಬಿಗಿಯಾಯಿತು. ಈಗ ಸಂಜೆ ಮೇಷ್ಟ್ರು ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ ಬರುತ್ತದೆ:

"ಹಾಲು ತಂದ್ರಾ?"

"ತಂದಿದೀನಿ."

"ಕಣ್ಣಿಗೆ ಕಾಣೋ ಹಾಲು ತಾನೇ?"

ಮೇಷ್ಟ್ರು ಚೀಲದಿಂದ ಹಾಲು ತೆಗೆದು, ಬೆಳಕಿಗೆ ಹಿಡಿದು ತೋರಿಸುತ್ತಾರೆ.